ಮೇಲ್ದಂಡಿಯ ಅಂಗೈಗಲ್ಲು

ಮೇಲ್ದಂಡಿ ಪಟ್ಟಣ, ತುಂಗಭದ್ರೆಯ ಎಡದಂಡೆ
ಸಾಮಾನ್ಯ ಶಕೆ ೨೨೪೧, ಎರಡನೆಯ ಬೇಸಿಗೆಯ ಮೂವತ್ತೆಂಟನೆಯ ತಾರೀಖು

ಇನ್ನೂರು ವರ್ಷ ಹಿಂದಿನ ಹಿರಿಯರಿಗೆ,

ಶರಣು. ಈ ತಾರೀಖು ನಿಮ್ಮ ಪಂಚಾಂಗದಲ್ಲಿ ಸಿಗುವುದಿಲ್ಲ, ಹುಡುಕಬೇಡಿ. ನಮಗೆ ವರ್ಷಕ್ಕೆ ಎರಡು ಬೇಸಿಗೆ; ತಿಂಗಳುಗಳ ಹೆಸರು ಹೇಳುವುದನ್ನು ಬಿಟ್ಟು ಬಹಳ ಕಾಲವಾಯಿತು. ನನ್ನ ಮಾತು ಒರಟೆನಿಸಿದರೆ, ಕೆಲವು ಶಬ್ದಗಳು ವಿಚಿತ್ರವೆನಿಸಿದರೆ ಕ್ಷಮಿಸಿ. ನಿಮ್ಮ ಕನ್ನಡವನ್ನು ನಾನು ಹಳೆಯ ಧ್ವನಿಮುದ್ರಣಗಳಿಂದ ಕಲಿತೆ, ಅದರಲ್ಲೂ ನಿಮ್ಮ ಟಿವಿ ಚರ್ಚೆಗಳಿಂದ. ನಡುನಡುವೆ ನಾನು ಕಿರುಚಿದಂತೆ ಕೇಳಿಸಿದರೆ ಅದರಲ್ಲಿ ನಿಮ್ಮ ಪಾಲೂ ಇದೆ.

ನನ್ನ ಹೆಸರು ಶಿವಗಂಗವ್ವ ಬಳಿಗಾರ. ನಮ್ಮಲ್ಲಿ ಹಿಮ್ಮುಖ ಅಂಚೆ ಎಂಬುದೊಂದಿದೆ, ಕಾಲದಲ್ಲಿ ಹಿಂದಕ್ಕೆ ಹೋಗುವ ಅಂಚೆ. ಒಬ್ಬರಿಗೆ ಜೀವಮಾನದಲ್ಲಿ ಒಂದೇ ಕಾಗದ. ಆದರೆ ನಾವು ಮುಖ ಕಂಡವರಿಗೆ ಅದು ತಲುಪುವುದಿಲ್ಲ; ತುಂಬ ಹಿಂದಿನವರಿಗೆ ಮಾತ್ರ ತಲುಪುತ್ತದೆ. ಇಲ್ಲದಿದ್ದರೆ ನಿಮಗೇಕೆ ಬರೆಯುತ್ತಿದ್ದೆ? ನನ್ನ ಗಂಡ ಬಾಳಪ್ಪನಿಗೆ ಬರೆಯುತ್ತಿದ್ದೆ, ಅವತ್ತು ಮನೆ ಬಿಟ್ಟು ಹೊರಗೆ ಹೋಗಬೇಡ ಎಂದು.

ನಿಮ್ಮ ಚರ್ಚೆಗಳನ್ನು ಬಹಳ ಕೇಳಿದ್ದೇನೆ. ಒಂದು ಪರದೆಯಲ್ಲಿ ಎಂಟು ಮುಖ, ಎಂಟೂ ಒಟ್ಟಿಗೆ ಮಾತಾಡುತ್ತವೆ. ಆಸ್ಪತ್ರೆಯಲ್ಲಿ ಹಾಸಿಗೆ ಏಕಿಲ್ಲ, ರೋಗ ಬರುವುದು ಗೊತ್ತಿದ್ದೂ ಏಕೆ ಸುಮ್ಮನಿದ್ದಿರಿ ಎಂದು ಯಾರೋ ಕೇಳುತ್ತಾರೆ. ಮೇಲಿನವರು ಕೆಳಗಿನವರ ಮೇಲೆ, ಕೆಳಗಿನವರು ಹಿಂದೆ ಇದ್ದವರ ಮೇಲೆ, ಎಲ್ಲರೂ ಸೇರಿ ಜನರ ಮೇಲೆ ಗೂಬೆ ಕೂರಿಸುತ್ತಾರೆ. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಮಾತು. ಆಮೇಲೆ ಜಾಹೀರಾತು. ನನಗೆ ಪರದೆಯೊಳಗೆ ಕೈ ಹಾಕಿ ಒಬ್ಬೊಬ್ಬರ ಕೊರಳಪಟ್ಟಿ ಹಿಡಿದು ಎಳೆಯಬೇಕೆನಿಸುತ್ತಿತ್ತು. ನಿಮ್ಮ ಮೊಮ್ಮಕ್ಕಳಿಗೂ ಹಾಗೇ ಅನಿಸಿರಬೇಕು, ಏಕೆಂದರೆ ಅವರು ಎಳೆದೇಬಿಟ್ಟರು. ಅವರ ಕಾಲದ ದೊಡ್ಡ ಪಿಡುಗಿನಲ್ಲಿ, 'ನನಗೇನೂ ಗೊತ್ತಿಲ್ಲ' ಎಂದ ಅಧಿಕಾರಿಗಳನ್ನು ಕಚೇರಿಯಿಂದ ಹೊರಗೆಳೆದು ಬೀದಿಬೀದಿಯಲ್ಲಿ ಹೊಡೆದರು. ಆ ಹೊಡೆತಕ್ಕೊಂದು ಕಟ್ಟುಪಾಡು ಇರಲಿ ಎಂದು ಹುಟ್ಟಿದ್ದೇ ನಮ್ಮ ಅಂಗೈಗಲ್ಲು.

ಅದೇನೆಂದು ಹೇಳುತ್ತೇನೆ. ಪ್ರತಿ ಪಟ್ಟಣದ ಕಚೇರಿ ಬಾಗಿಲಲ್ಲಿ ಒಂದು ನುಣುಪಾದ ಕರಿಕಲ್ಲು ನಿಂತಿರುತ್ತದೆ. ಪಿಡುಗಿನ ಕಾಲದಲ್ಲಿ ಸರ್ಕಾರದ ಯಾವ ಆದೇಶವೂ ಬಾಯಿಮಾತಿನಲ್ಲಿ, ಬರಹದಲ್ಲಿ ನಡೆಯುವುದಿಲ್ಲ. ಅಧಿಕಾರಿ ಜನರೆದುರು ಬಂದು ಬಲಗೈಯ ಅಂಗೈಯನ್ನು ಕಲ್ಲಿಗೆ ಒತ್ತಬೇಕು. ಗುರುತು ಕಲ್ಲಿನ ಮೇಲೆ ಉಳಿಯುತ್ತದೆ; ನಾನಲ್ಲ ಎನ್ನಲು ದಾರಿಯಿಲ್ಲ. ರೋಗ ಇಳಿದ ಮೇಲೆ ಅದೇ ಅಂಗಳದಲ್ಲಿ ಕೇಳಿಕೆ ನಡೆಯುತ್ತದೆ, ಅಂದರೆ ಬಹಿರಂಗ ವಿಚಾರಣೆ. ಕೈ ಒತ್ತಿದವರನ್ನು ಯಾರು ಏನು ಬೇಕಾದರೂ ಕೇಳಬಹುದು. ಆದೇಶ ತಪ್ಪು, ಅದರಿಂದ ಜೀವ ಹೋಯಿತು ಎಂದು ಹೆಚ್ಚಿನವರು ಕೂಗಿದರೆ ಕಲ್ಲಿಗೆ ಒತ್ತಿದ ಕೈಯನ್ನು ಒರಳಿನಲ್ಲಿಟ್ಟು ಒನಕೆಯಿಂದ ಕುಟ್ಟುತ್ತಾರೆ. ಕುಟ್ಟುವ ಹಕ್ಕು ಹೆಚ್ಚು ಸಾವಾದ ಮನೆಯವರದು.

ನಿಮಗೆ ಮೈ ಜುಮ್ಮೆನ್ನಬಹುದು. ನಮಗೆ ಅದು ಹೆಮ್ಮೆಯ ವಿಷಯ. ಶಾಲೆಯಲ್ಲಿ ನನಗೆ ಕಲಿಸಿದ್ದೇ ಹಾಗೆ: ಹಿಂದಿನವರು ಕೇಳಿ ಕೇಳಿ ಸತ್ತರು, ನಾವು ಉತ್ತರ ವಸೂಲು ಮಾಡುತ್ತೇವೆ.

ನಮ್ಮ ದಿನಗಳು ಹೇಗಿರುತ್ತವೆ ಎಂಬುದನ್ನೂ ತಿಳಿಯಿರಿ. ಮಧ್ಯಾಹ್ನದ ಬಿಸಿಲು ಆಳನ್ನು ಕೊಲ್ಲುತ್ತದೆ. ಆದ್ದರಿಂದ ಬೀದಿಗಳ ಮೇಲೆಲ್ಲ ದಪ್ಪ ಬಿಳಿ ಬಟ್ಟೆಯ ಚಪ್ಪರ, ಅವಕ್ಕೆ ನೆರಳುಬೀದಿ ಎನ್ನುತ್ತೇವೆ. ಹೆಸರಿಡುವ ದಿನ ಮಗುವಿಗೆ ತೊಟ್ಟಿಲ ಜೊತೆಗೇ ಉಸಿರುಸೆರಗು ಕೊಡುತ್ತಾರೆ, ಮೂಗು ಬಾಯಿ ಮುಚ್ಚುವ ಮೂರು ಪದರದ ನೇಯ್ಗೆ. ಮದುವೆಗೆ ಕಸೂತಿಯದು, ಸಾವಿಗೆ ಬರಿ ಬಿಳಿಯದು. ಮನೆಯ ಗಾಳಿ ಕೆಟ್ಟರೆ ತೊಲೆಗೆ ಕಟ್ಟಿದ ಗಾಳಿಗಂಟೆ ತಾನೇ ಬಡಿದುಕೊಳ್ಳುತ್ತದೆ. ಅತ್ತೆ ಸೊಸೆ ಜಗಳವಾಡಿದರೂ ಬಡಿದುಕೊಳ್ಳುತ್ತದೆ ಎಂದು ಬಾಳಪ್ಪ ಚೇಷ್ಟೆ ಮಾಡುತ್ತಿದ್ದ. ರೊಟ್ಟಿ, ಪುಂಡಿಪಲ್ಯ, ಅಗಸಿ ಚಟ್ನಿ ಮಾತ್ರ ನಿಮ್ಮ ಕಾಲದಲ್ಲಿದ್ದ ಹಾಗೇ ಇವೆ ಎಂದು ಕೇಳಿದ್ದೇನೆ. ಔಷಧವನ್ನು ಹಗೇವಿನಲ್ಲಿ ಇಡುತ್ತೇವೆ. ನಿಮ್ಮ ಅಜ್ಜಂದಿರು ಜೋಳ ತುಂಬಿಡುತ್ತಿದ್ದರಲ್ಲ, ಅದೇ ನೆಲದಡಿಯ ಆಳವಾದ ಕುಣಿ, ತಂಪಾಗಿರುತ್ತದೆ.

ನಮ್ಮ ಹಗೇವು ಕಂಠದವರೆಗೆ ತುಂಬಿತ್ತು. ಅದನ್ನು ಮರೆಯಬೇಡಿ. ಸನ್ನದ್ಧತೆಯಲ್ಲಿ ಮೇಲ್ದಂಡಿ ನಾಡಿಗೇ ಮೊದಲು ಎಂದು ಹೊಗಳಿಸಿಕೊಂಡಿತ್ತು. ವರ್ಷಕ್ಕೊಮ್ಮೆ ಅಣಕು ಜ್ವರ ನಡೆಸಿ, ಹಲಗೆ ಬಾರಿಸಿ, ಜನರನ್ನು ಸಾಲಾಗಿ ನಿಲ್ಲಿಸಿ, ನಾಲಿಗೆಯಡಿ ಸಕ್ಕರೆ ಇಟ್ಟು ಕಳಿಸುತ್ತಿದ್ದರು.

ಹೋದ ಬೇಸಿಗೆ ನಿಜವಾದ ಜ್ವರ ಬಂತು. ಕರಿತುಟಿ ಎಂದು ಕರೆಯುತ್ತೇವೆ. ಮೈ ಸುಡುತ್ತದೆ, ತುಟಿ ಇದ್ದಿಲಿನ ಹಾಗೆ ಕಪ್ಪಾಗುತ್ತದೆ, ಆಮೇಲೆ ಮೂಗಿನಿಂದ ರಕ್ತ. ಮದ್ದು ಹಗೇವಿನಲ್ಲಿತ್ತು. ಮುಚ್ಚಳ ತೆಗೆಯಲು ಒಂದು ಅಂಗೈ ಸಾಕಿತ್ತು. ಸುದ್ದಿ ಬಂದ ಮರುದಿನ ಮುಖ್ಯಾಧಿಕಾರಿ ಗುರುಪಾದಪ್ಪ ಹಲವಾಗಲಿ ಬಲಗೈಗೆ ದಪ್ಪ ಪಟ್ಟಿ ಕಟ್ಟಿಕೊಂಡು ಕಚೇರಿಗೆ ಬಂದರು. ಒಲೆಯ ಮೇಲಿನ ಹಂಚು ಮುಟ್ಟಿದೆ ಎಂದರು. ಹುಟ್ಟಿದಾಗಿನಿಂದ ಅಡುಗೆಮನೆ ಹೊಕ್ಕವರಲ್ಲ. ಎರಡನೆಯ ಅಧಿಕಾರಿ ಬಾಗಿಲಿಗೆ ಬೆರಳು ಸಿಕ್ಕಿತೆಂದರು, ಮೂರನೆಯವರು ನಾಯಿ ಕಚ್ಚಿತೆಂದರು. ವಾರ ಕಳೆಯುವುದರೊಳಗೆ ಕಚೇರಿಯಲ್ಲಿ ಬಲಗೈ ನೆಟ್ಟಗಿದ್ದವಳು ಒಬ್ಬಳೇ. ಎಲ್ಲರಿಗಿಂತ ಕಿರಿಯ ಅಧಿಕಾರಿ, ನನ್ನ ಒಡಹುಟ್ಟಿದ ತಂಗಿ ಕಸ್ತೂರಿ.

ಅವಳಿಗೆ ಆದೇಶ ಕೊಡುವ ಹಕ್ಕು ಬರಬೇಕಾದರೆ ಮೇಲಿನವರೆಲ್ಲ ಕೈಲಾಗದವರೆಂದು ಸಾರಬೇಕಿತ್ತು. ಅವರು ಅದನ್ನೂ ಸಾರಲಿಲ್ಲ. ನಾಳೆ ಗಾಯ ಮಾಯುತ್ತದೆ, ನಾಡಿದ್ದು ಮಾಯುತ್ತದೆ ಎಂದು ಜನರ ಮೂಗಿಗೆ ತುಪ್ಪ ಸವರುತ್ತಿದ್ದರು. ನನ್ನ ಮಗ ಶರಣಪ್ಪ ಹಗೇವಿನ ಮುಚ್ಚಳದ ಮೇಲೆಯೇ ಸತ್ತ. ಮುಚ್ಚಳ ತೆಗೆದ ಕೂಡಲೇ ಮೊದಲ ಮದ್ದು ಅವನಿಗೇ ಸಿಗಲಿ ಎಂದು ನಾವೇ ಅವನನ್ನು ಹೊತ್ತು ತಂದು ಅಲ್ಲಿ ಮಲಗಿಸಿದ್ದೆವು. ಅವನ ಬೆನ್ನಿಗೂ ಮದ್ದಿಗೂ ನಡುವೆ ಒಂದು ಗೇಣು ದಪ್ಪದ ಕಲ್ಲು. ಇದನ್ನು ಬರೆಯುವಾಗಲೂ ನನಗೆ ಯಾರನ್ನಾದರೂ ಹೊಡೆಯಬೇಕೆನಿಸುತ್ತದೆ.

ಮಣ್ಣು ಮಾಡಿ ಬಂದ ದಿನವೇ ಕಸ್ತೂರಿ ಯಾರ ಅಪ್ಪಣೆಗೂ ಕಾಯದೆ ಹೋಗಿ ಕಲ್ಲಿಗೆ ಅಂಗೈ ಒತ್ತಿದಳು. ಮುಚ್ಚಳ ತೆರೆಯಿತು. ಆದರೆ ಜನರನ್ನು ಸಾಲು ನಿಲ್ಲಿಸಲು, ಬೇಲಿ ಕಟ್ಟಲು ಒಬ್ಬ ಅಧಿಕಾರಿಯೂ ಬರಲಿಲ್ಲ. ಮಗ್ಗುಲಲ್ಲಿ ನಿಂತರೂ ಪಾಲುದಾರರಾಗುತ್ತೇವೆಂಬ ಹೆದರಿಕೆ. ಊರಿಗೆ ಊರೇ ಹಗೇವಿನ ಬಾಯಿಗೆ ನುಗ್ಗಿತು. ಕಾವಲಿನವರು ಹೆದರಿ ಲಾಠಿ ಬೀಸಿದರು. ತಲೆ ಒಡೆಯಿತು, ಹಲ್ಲು ಉದುರಿದವು. ಲಾಠಿಗೆ ಹಿಂದೆ ಸರಿದವರ ಮೇಲೆ ಹಿಂದಿನಿಂದ ನುಗ್ಗಿದವರು ಬಿದ್ದರು. ಹೆಂಗಸರ ಕೂದಲು ಹಿಡಿದೆಳೆದು ಮುಂದೆ ಹೋದವರನ್ನು ನಾನು ಕಂಡೆ. ಜ್ವರದಲ್ಲಿ ಮಲಗಿದ್ದ ಸೊಸೆಗೆ, ಶರಣಪ್ಪನ ಹೆಂಡತಿಗೆ, ಮದ್ದು ತರಲು ಹೋದ ಬಾಳಪ್ಪ ತಲೆಕೆಳಗಾಗಿ ಹಗೇವಿನೊಳಗೆ ಬಿದ್ದ, ಅವನ ಮೇಲೆ ಇನ್ನೂ ಹಲವರು ಬಿದ್ದರು. ಮೇಲೆ ತೆಗೆದಾಗ ಅವನ ಮುಖ ಗುರುತು ಸಿಗಲಿಲ್ಲ. ಮುಷ್ಟಿಯಲ್ಲಿ ಮದ್ದು ಹಾಗೇ ಇತ್ತು. ಅದನ್ನೇ ಸೊಸೆಗೆ ಕೊಟ್ಟೆ. ಅವಳು ಬದುಕಿದಳು, ಊರಿನ ಬಹುಪಾಲು ಜನ ಬದುಕಿದರು.

ಹೀಗೆ ನನ್ನ ಮನೆಯಲ್ಲಿ ಎರಡು ಹೆಣ. ಒಂದು ಹಗೇವು ತೆರೆಯದ್ದಕ್ಕೆ, ಒಂದು ತೆರೆದದ್ದಕ್ಕೆ. ತಂಗಿಯ ಮೇಲೆ ನನಗೆ ಸಿಟ್ಟಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಎರಡು ಹಗ್ಗ ಕಟ್ಟಿ, ನಾಲ್ಕು ಜನರನ್ನು ನಿಲ್ಲಿಸಿ ಆಮೇಲೆ ಕೈ ಒತ್ತಬಾರದಿತ್ತೇ ಎಂದು ಹೊಟ್ಟೆ ಉರಿಯುತ್ತಿತ್ತು.

ಜ್ವರ ಇಳಿದ ಮೇಲೆ ಕೇಳಿಕೆ ಕೂಡಿತು. ಕಲ್ಲಿನ ಮೇಲೆ ಇದ್ದದ್ದು ಒಂದೇ ಅಂಗೈ. ಆದ್ದರಿಂದ ಅಂಗಳದ ನಡುವೆ ನಿಂತವಳೂ ಒಬ್ಬಳೇ. ಪಟ್ಟಿ ಕಟ್ಟಿಕೊಂಡವರು ನೆರಳಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದರು, ಅವರನ್ನು ಪ್ರಶ್ನಿಸಲು ಕಾನೂನಿನಲ್ಲಿ ಎಡೆಯಿರಲಿಲ್ಲ. ಗುರುಪಾದಪ್ಪನವರು ಎದ್ದು, ಹಗೇವು ತುಂಬಿತ್ತು, ತಯಾರಿಯಲ್ಲಿ ಕೊರತೆಯಿರಲಿಲ್ಲ, ನಿರ್ವಹಣೆಯಲ್ಲಿ ಮಾತ್ರ ಕಿರಿಯರೊಬ್ಬರು ಆತುರಪಟ್ಟರು ಎಂದು ಬಹಳ ಚೆಂದದ ಭಾಷೆಯಲ್ಲಿ ಹೇಳಿದರು. ಕೆಲವರು ಕಸ್ತೂರಿಯ ಪರ ಕೂಗಿದರು, ಅವಳು ತೆರೆಯದಿದ್ದರೆ ನಾವ್ಯಾರೂ ಇಲ್ಲಿ ಇರುತ್ತಿರಲಿಲ್ಲ ಎಂದರು. ಅವರ ಮೇಲೆ ಕಲ್ಲು ಬಿದ್ದವು. ನೂಕುನುಗ್ಗಲಲ್ಲಿ ತಮ್ಮನನ್ನು ಕಳೆದುಕೊಂಡ ನೇಕಾರ ತಿಪ್ಪಣ್ಣ ಎದೆ ಬಡಿದುಕೊಂಡು ಹೇಳಿದ ಮಾತಿಗೆ ಇಡೀ ಅಂಗಳ ಕಾದೆಣ್ಣೆಯಾಯಿತು.

"ನನ್ನ ತಮ್ಮ ಜ್ವರಕ್ಕ ಸತ್ತಿಲ್ರಿ. ಈಕಿ ಕೈಗೆ ಸತ್ತಾನ."

ಹೆಚ್ಚಿನವರು ಕುಟ್ಟು ಎಂದು ಕೂಗಿದರು. ಕಸ್ತೂರಿಯನ್ನು ಮಂಡಿಯೂರಿಸಿ ಕೈಯನ್ನು ಒರಳಿನಲ್ಲಿಟ್ಟರು. ಅವಳು ಅಳಲಿಲ್ಲ, ಉಸಿರುಸೆರಗು ಮಾತ್ರ ಒಳಗೆ ಹೊರಗೆ ಹೋಗುತ್ತಿತ್ತು. ಒನಕೆಯನ್ನು ತಂದು ನನ್ನ ಕೈಗೆ ಕೊಟ್ಟರು. ಎರಡು ಸಾವಿನ ಮನೆ ನನ್ನದು, ನನಗಿಂತ ಹೆಚ್ಚು ಹಕ್ಕು ಯಾರಿಗಿದೆ? ಎತ್ತಿದೆ. ಎತ್ತಿದಾಗ ನನ್ನ ಕಣ್ಣಿಗೆ ಬಿದ್ದದ್ದು ಆ ಕುರ್ಚಿಗಳು. ಗುರುಪಾದಪ್ಪನವರು ಚೆನ್ನಾಗಿ ನೋಡಲೆಂದು ಕತ್ತು ಚಾಚಿದ್ದರು, ಪಟ್ಟಿ ಕಟ್ಟಿದ ಆ ಬಲಗೈಯನ್ನೇ ಹಣೆಗೆ ಅಡ್ಡ ಹಿಡಿದು. ನಾನು ಒನಕೆ ಹೊತ್ತುಕೊಂಡೇ ಅವರ ಎದುರಿಗೆ ನಡೆದೆ.

"ಸಾಹೇಬ್ರ, ಆ ಪಟ್ಟಿ ಬಿಚ್ರಿ" ಎಂದೆ.

ಗಾಯ ಇನ್ನೂ ಹಸಿಯಾಗಿದೆ ತಾಯಿ ಎಂದರು. ಒಂದಿಡೀ ಬೇಸಿಗೆ ಕಳೆದಿತ್ತು. ನಾನು ಪಟ್ಟಿಯ ತುದಿ ಹಿಡಿದು ಎಳೆದೆ. ಸುತ್ತು ಸುತ್ತಾಗಿ ಬಿಚ್ಚಿಕೊಂಡಿತು. ಒಳಗಿನ ಅಂಗೈ ಹಸುಗೂಸಿನದರಂತೆ ನುಣ್ಣಗಿತ್ತು.

ಆಮೇಲೆ ನಡೆದದ್ದಕ್ಕೆ ಚರ್ಚೆ ಎನ್ನಲಾಗದು. ಕಸ್ತೂರಿಯ ಕೈ ಕುಟ್ಟು ಎಂದ ಜನವೇ ಕುರ್ಚಿಗಳ ಮೇಲೆ ಬಿದ್ದಿತು. ಎಲ್ಲ ಪಟ್ಟಿಗಳನ್ನೂ ಹರಿದರು, ಎಲ್ಲ ಕೈಗಳೂ ಒರಳಿಗೆ ಬಿದ್ದವು. ಒನಕೆ ನನ್ನ ಕೈಯಿಂದ ಯಾರೋ ಕಿತ್ತುಕೊಂಡರು, ತಿಪ್ಪಣ್ಣ ಇರಬೇಕು. ಎಲುಬು ಮುರಿಯುವ ಸದ್ದು ದೂರಕ್ಕೆ ಕೇಳುತ್ತದೆ. ಗುರುಪಾದಪ್ಪನವರಿಗೆ ಕೈ ಮಾತ್ರ ಸಾಲಲಿಲ್ಲ, ಮೊಣಕೈ, ಭುಜ, ಕೊನೆಗೆ ತಲೆ. ಅವರ ಹೆಂಡತಿ ಬಂದು ಹೆಣದ ಮೇಲೆ ತನ್ನ ಸೆರಗು ಹೊದಿಸಿದಾಗಲೂ ಯಾರೋ ಒದೆಯುತ್ತಿದ್ದರು. ನನಗೆ ಆಗ ಸಂತೋಷವೇ ಆಯಿತು. ಮಗ ಸತ್ತ ಮೇಲೆ ಅವತ್ತೇ ನಾನು ಹೊಟ್ಟೆ ತುಂಬ ಉಂಡದ್ದು.

ಈಗ ಕೇಳಿ. ಮೊನ್ನೆ ನದಿಯ ಮೇಲ್ಭಾಗದ ಊರಿನಿಂದ ಮತ್ತೆ ಕರಿತುಟಿಯ ಸುದ್ದಿ ಬಂದಿದೆ. ಈ ಸಲ ಹಳೆಯ ಮದ್ದು ನಾಟುವುದಿಲ್ಲವಂತೆ. ಸಂತೆ, ನದಿಯ ದಾರಿ, ಕೂಡುವ ಜಾಗಗಳೆಲ್ಲ ಮುಚ್ಚಲೇಬೇಕಂತೆ. ರಾಜಧಾನಿಯಿಂದ ಹೊಸ ಮುಖ್ಯಾಧಿಕಾರಿ ಬಂದರು. ಎರಡೂ ಕೈಗಳನ್ನು ಕೊರಳಿಗೆ ಕಟ್ಟಿದ ಜೋಳಿಗೆ ಪಟ್ಟಿಯಲ್ಲಿ ಇಟ್ಟುಕೊಂಡೇ ದೋಣಿಯಿಂದ ಇಳಿದರು. ಮೇಲ್ದಂಡಿಯ ಜನ ಪಟ್ಟಿ ಬಿಚ್ಚಿ ನೋಡುವವರೆಂದು ಅವರಿಗೆ ಗೊತ್ತಿತ್ತು. ಆದ್ದರಿಂದ ಕೈಗಳನ್ನು ನಿಜವಾಗಿಯೂ ಮುರಿಸಿಕೊಂಡೇ ಬಂದಿದ್ದರು.

ಉಳಿದದ್ದು, ಅವತ್ತಿನ ಗದ್ದಲದಲ್ಲಿ ಕೈ ಒರಳಿನಿಂದ ಪಾರಾದ ಕಸ್ತೂರಿ. ನಿನ್ನೆ ಸಂಜೆ ನನ್ನ ಮನೆಗೆ ಬಂದಳು. ಕೇಳಿಕೆಯ ನಂತರ ನಾವಿಬ್ಬರೂ ಬಾಳಪ್ಪನ ಮಾತೆತ್ತಿರಲಿಲ್ಲ. ನಾನು ರೊಟ್ಟಿ ಬಡಿಯುತ್ತಿದ್ದೆ. ಅವಳು ಎರಡೂ ಕೈಗಳನ್ನು ಕಂಕುಳಲ್ಲಿ ಇಟ್ಟುಕೊಂಡು ಒಲೆಯ ಮುಂದೆ ಕೂತಳು. ಮುಚ್ಚಿದರೆ ಎಷ್ಟೋ ಮನೆಯಲ್ಲಿ ಒಲೆ ಹೊತ್ತುವುದಿಲ್ಲ, ಹಸಿವಿನಿಂದ ಒಂದಾದರೂ ಕೂಸು ಸಾಯುತ್ತದೆ, ಮುಚ್ಚದಿದ್ದರೆ ಊರು ಸಾಯುತ್ತದೆ ಎಂದು ಹೇಳಿದಳು. ಯಾವ ಆದೇಶಕ್ಕೂ ಒಂದು ಹೆಣ ಬಿದ್ದೇ ಬೀಳುತ್ತದೆ ಎಂದಳು. ಆಮೇಲೆ ಬಹಳ ಮೆಲ್ಲಗೆ ಕೇಳಿದಳು.

"ಅಕ್ಕಾ, ನಾಳೆ ನಾ ಕೈ ಒತ್ತಿದ್ನೆಂದ್ರ, ಆಮ್ಯಾಲ ನನ್ನ ಮುಂದ ಯಾರು ನಿಂದರ್ತಾರ?"

ನಾನು ನಿಲ್ಲುತ್ತೇನೆ ಎಂದೆ. ಕುಟ್ಟಲೋ ಕಾಯಲೋ ಎಂದು ಅವಳು ಕೇಳಲಿಲ್ಲ. ಎತ್ತಿದ ಒನಕೆಯ ಕೆಳಗೆ ನನ್ನ ಮುಖ ನೋಡಿದವಳು, ಕೇಳುವ ಹಕ್ಕು ಅವಳಿಗಿತ್ತು. ಆದ್ದರಿಂದ ಕೇಳದಿದ್ದರೂ ಹೇಳಿದೆ. ನಿನ್ನ ಕೈ ನನ್ನ ಗಂಡನನ್ನು ಕೊಂದಿತು, ನನ್ನ ಸೊಸೆಯನ್ನು ಉಳಿಸಿತು, ಎರಡೂ ನಿಜ, ಎರಡನ್ನೂ ನಾನು ಸಾಯುವವರೆಗೆ ಹೇಳುತ್ತೇನೆ, ನೀನು ಕೇಳಬೇಕು. ಆದರೆ ಆ ಕೈ ಮುಟ್ಟಲು ಯಾರನ್ನೂ ಬಿಡುವುದಿಲ್ಲ ಎಂದೆ. ಅವಳು ಆಗ ಅತ್ತಳು.

ಇವತ್ತು ಬೆಳಿಗ್ಗೆ ಅವಳು ಕಲ್ಲಿಗೆ ಅಂಗೈ ಒತ್ತಿದಳು. ನಾನು ಪಕ್ಕದಲ್ಲಿ ನಿಂತಿದ್ದೆ. ಸಂತೆ ಮುಚ್ಚಿದೆ. ಮಧ್ಯಾಹ್ನದ ಹೊತ್ತಿಗಾಗಲೇ ನೆರಳುಬೀದಿಯಲ್ಲಿ ಗುಂಪು ಕೂಡಿದೆ: ಇಷ್ಟು ಬೇಗ ಮುಚ್ಚಬೇಕಿತ್ತೇ, ಇವಳಿಗೆ ಬುದ್ಧಿ ಬಂದಿಲ್ಲ ಎಂದು. ನನ್ನ ಮನೆಯ ಬಾಗಿಲಿಗೆ ಒಂದು ಕಲ್ಲು ಬಿದ್ದಿದೆ. ಕಾಗದ ಬೇಗ ಮುಗಿಸಬೇಕು.

ಹಿರಿಯರೇ, ನೀವು ಇನ್ನೂ ಆ ಕಲ್ಲು ನಿಲ್ಲಿಸಿಲ್ಲ. ನಿಮ್ಮ ಸರ್ಕಾರಗಳನ್ನು ಬಿಡಬೇಡಿ. ಏನು ತಯಾರಿ ಮಾಡಿದಿರಿ, ಯಾರು ಸತ್ತರು, ಏಕೆ ಸತ್ತರು ಎಂದು ಗಂಟಲು ಹರಿಯುವಂತೆ ಕೇಳಿ. ನುಣುಚಿಕೊಳ್ಳುವವನನ್ನು ಕುರ್ಚಿಯಿಂದ ಇಳಿಸಿ. ಆದರೆ ಕೆಲಸ ಮಾಡಿ ತಪ್ಪಿದವಳನ್ನೂ ಕೆಲಸವನ್ನೇ ಮಾಡದವನನ್ನೂ ಒಂದೇ ಕಣ್ಣಿಂದ ನೋಡಬೇಡಿ. ನಾವು ಹಾಗೆ ನೋಡಿದ್ದಕ್ಕೆ, ಇಷ್ಟು ದೊಡ್ಡ ಊರಿಗೆ ಈಗ ಉಳಿದಿರುವುದು ಒಂದೇ ಕೈ.

ಹೊರಗೆ ಅವಳ ಹೆಸರು ಹಿಡಿದು ಕೂಗುತ್ತಿದ್ದಾರೆ. ನಾನು ಬಾಗಿಲು ತೆರೆಯಲು ಹೋಗುತ್ತಿದ್ದೇನೆ. ಕಸ್ತೂರಿ ಒಳಗಿದ್ದಾಳೆ, ನನ್ನ ಸೊಸೆಗೆ ಉಣ್ಣಲು ಬಡಿಸುತ್ತಿದ್ದಾಳೆ.

ನಿಮ್ಮ ಮೊಮ್ಮಕ್ಕಳ ಮೊಮ್ಮಕ್ಕಳ ಮೊಮ್ಮಗಳು,
ಶಿವಗಂಗವ್ವ