ಗುರುವಾರದ ನಲವತ್ತಾರನೇ ಮೇಜು

ಮನೆಯಿಂದ,
ಶುಕ್ರವಾರ, ಮಾರ್ಚ್ ೧೪, ಬೆಳಗಿನ ಆರೂವರೆ

ನನ್ನ ಕೂಸೇ,

ಈ ಕೈಬರಹ ನೋಡಿ ನಿನಗೆ ಗಾಬರಿಯಾದೀತು ಅಂತ ಮೊದಲೇ ಹೇಳಿಬಿಡುತ್ತೇನೆ, ಯಾರಿಗೂ ಏನೂ ಆಗಿಲ್ಲ. ಅಮ್ಮ ಚೆನ್ನಾಗಿದ್ದಾಳೆ, ನಾನೂ ಇದ್ದೇನೆ. ನೀನು ಹೇಗಿದ್ದೀಯ? ಚಳಿ ಬಂತೆಂದರೆ ನಿನಗೆ ಗಂಟಲು ಕಟ್ಟಿಕೊಳ್ಳುತ್ತಿತ್ತು, ಈಗಲೂ ಹಾಗೇ ಇದೆಯೋ ಏನೋ. ಒಂಬತ್ತು ವರ್ಷ ಮಾತನಾಡಿಸದ ಅಪ್ಪ ಇದ್ದಕ್ಕಿದ್ದಂತೆ ಗಂಟಲಿನ ವಿಚಾರ ಕೇಳುತ್ತಾನಲ್ಲ ಎಂದು ನೀನು ಹುಬ್ಬೇರಿಸಿದರೆ ಅದು ನ್ಯಾಯವೇ. ನನ್ನ ಅಕ್ಷರ ನಿನಗೆ ಗೊತ್ತೇ ಇದೆ. ಸೋಫಾಗಳ ಹೊಟ್ಟೆಯಲ್ಲಿ ತುರುಕಿದ್ದ ಹಳೇ ಪೇಪರುಗಳನ್ನು ಬಿಡಿಸಿ ಬಿಡಿಸಿ ಓದಲು ಕಲಿತವನು, ಸಾಲುಗಳು ನೆಟ್ಟಗೆ ನಿಲ್ಲುವುದಿಲ್ಲ, ಸಹಿಸಿಕೋ. ಅಮ್ಮ ಒಳಗೆ ಮಲಗಿದ್ದಾಳೆ. ಈ ಪತ್ರದ ವಿಷಯ ಅವಳಿಗೆ ಗೊತ್ತಿಲ್ಲ. ಕೆಲಸದ ಕೋಣೆಯಲ್ಲಿ, ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಕೂತು ಬರೆಯುತ್ತಿದ್ದೇನೆ. ನಿನ್ನೆ ಮಧ್ಯಾಹ್ನ ಮನಸ್ಸಿಗೆ ಬಿದ್ದ ಏಟು ಇನ್ನೂ ಆರಿಲ್ಲ.

ನಿನ್ನೆ ರೈಲಿನಲ್ಲಿ ನನಗೊಂದು ಪಾರ್ಸೆಲ್ ಬರಬೇಕಿತ್ತು, ಹೊದಿಕೆ ಬಟ್ಟೆಯ ಸುರುಳಿ. ಹಲ್ಲಿನ ಡಾಕ್ಟರರ ಎರಡು ಉದ್ದ ಬೆಂಚುಗಳು ನಮ್ಮ ಹಜಾರದಲ್ಲಿ ಬರಿಮೈಯಲ್ಲಿ ನಿಂತಿವೆ, ಅವರು ದಿನಾ ಫೋನು ಮಾಡಿ ಪ್ರಾಣ ಹಿಂಡುತ್ತಾರೆ. ಸ್ಟೇಷನ್ನಿಗೆ ಹೋದರೆ ರೈಲು ಒಂದೂವರೆ ಗಂಟೆ ತಡ. ಕಾಯುವ ಕೋಣೆಗೆ ಬಣ್ಣ ಬಳಿಯುತ್ತಿದ್ದರು, ಅದರ ಪಕ್ಕದ ಶೌಚಾಲಯಕ್ಕೂ ಸೇರಿಸಿ ಬೀಗ ಜಡಿದಿದ್ದರು. ನನ್ನ ವಯಸ್ಸಿನಲ್ಲಿ ಒಂದೂವರೆ ಗಂಟೆ ಅಂದರೆ ಏನು ಅನ್ನುವುದು ನಿನಗೆ ನಿಧಾನವಾಗಿ ಗೊತ್ತಾಗುತ್ತದೆ ಬಿಡು. ಟಿಕೆಟ್ ಕೊಡುವವನನ್ನು ಕೇಳಿದೆ. ‘ಎದುರುಗಡೆ ಹೋಗಿ ಯಜಮಾನ್ರೇ, ಎಲ್ಲರೂ ಅಲ್ಲೇ ಹೋಗೋದು’ ಅಂದ. ಎದುರುಗಡೆ ಅಂದರೆ ಆ ದೊಡ್ಡ ಪಬ್ಬು. ಊರೂರಿಗೂ ಒಂದೇ ಹೆಸರು, ಒಂದೇ ಬಣ್ಣದ ಬೋರ್ಡು ಹಾಕಿಕೊಂಡಿರುತ್ತದಲ್ಲ, ಅದು. ಅದೇ ಹೆಸರಿನ ಇನ್ನೊಂದು ಊರಿನ ಪಬ್ಬಿಗೆ ನೀನು ಕೆಲಸಕ್ಕೆ ಸೇರಿದೆ ಅಂತಲೇ ತಾನೇ ನಾನು ಅವತ್ತು ಬಾಗಿಲಿಗೆ ಅಡ್ಡ ನಿಂತು, ಹೆಂಡದ ಗ್ಲಾಸು ತೊಳೆಯುವ ಕೈ ಈ ಮನೆಯ ಚಿಲಕ ಮುಟ್ಟಕೂಡದು ಅಂದದ್ದು. ನೀನು ಚಿಲಕ ಮುಟ್ಟಲಿಲ್ಲ. ತೆರೆದಿದ್ದ ಬಾಗಿಲಿನಿಂದಲೇ ಹೊರಟುಹೋದೆ.

ನಿನ್ನ ತಾತನನ್ನು ನೀನು ನೋಡಿದವಳಲ್ಲ. ಕುಡಿದು ಕುಡಿದೇ ಹೋದ ಮನುಷ್ಯ. ಅವರು ಹೋದ ಮೇಲೆ ನಾನು ಅಂಥ ಹೊಸಿಲು ತುಳಿಯುವುದಿಲ್ಲ, ಅಂಥ ಜಾಗದ ಕೆಲಸವನ್ನೂ ಹಿಡಿಯುವುದಿಲ್ಲ ಅಂತ ನಮ್ಮಮ್ಮನಿಗೆ ಮಾತು ಕೊಟ್ಟಿದ್ದೆ. ಯಾವುದೋ ಬಾರಿನವರು ಮೂವತ್ತು ಸ್ಟೂಲು ತಂದು ಇಳಿಸಿದಾಗ ವಾಪಸು ಗಾಡಿಗೆ ಹತ್ತಿಸಿದವಳು ನೀನೇ, ಬೈದುಕೊಂಡು ಹತ್ತಿಸಿದೆ. ಹಾಗಂತ ಕಿಬ್ಬೊಟ್ಟೆಗೆ ಆಣೆ ಪ್ರಮಾಣ ಗೊತ್ತಾಗುತ್ತದೆಯೇ. ಟೋಪಿ ಕೆಳಗೆಳೆದುಕೊಂಡು, ಕಳ್ಳನ ಹಾಗೆ ಅತ್ತಿತ್ತ ನೋಡಿ ನುಗ್ಗಿದೆ.

ಒಳಗೆ ಕಾಲಿಟ್ಟವನು ಗರ ಬಡಿದವನಂತೆ ನಿಂತುಬಿಟ್ಟೆ. ಕತ್ತಲು, ಹೊಗೆ, ಬೈಗುಳ, ನೆಲದ ಮೇಲೆ ಉರುಳಿದವರು, ಇಷ್ಟನ್ನು ಕಾಣಲು ಸಿದ್ಧನಾಗಿ ಹೋಗಿದ್ದೆ. ಅದು ನೋಡಿದರೆ ರೈಲ್ವೆ ಪ್ಲಾಟ್‌ಫಾರಮ್ಮಿಗೇ ಮಾಡು ಹಾಕಿ ಮೇಜು ಜೋಡಿಸಿದ ಹಾಗಿತ್ತು. ಸೂಟ್‌ಕೇಸುಗಳು, ಮಕ್ಕಳ ತಳ್ಳುಗಾಡಿಯಲ್ಲಿ ಮಲಗಿದ ಎಳೆಕೂಸುಗಳು, ಪಾಳಿ ಮುಗಿಸಿ ಬಂದು ಬೂಟು ಸಡಿಲಿಸಿಕೊಂಡ ನರ್ಸುಗಳು, ಚಹಾದ ಕೆಟಲಿನ ಮುಂದೆ ಕೂತು ಹೆಣೆಯುತ್ತಿದ್ದ ಇಬ್ಬರು ಅಜ್ಜಿಯರು. ಕುಡಿಯುವವರೂ ಇದ್ದರು, ಇಲ್ಲ ಅನ್ನುವುದಿಲ್ಲ, ಆದರೆ ಅವರೂ ಒಂದು ಕಣ್ಣು ಗೋಡೆಯ ಮೇಲಿನ ರೈಲಿನ ಪಟ್ಟಿಯ ಮೇಲೆ ಇಟ್ಟುಕೊಂಡೇ ಕುಡಿಯುತ್ತಿದ್ದರು. ಪ್ರತಿ ಮೇಜಿಗೂ ಹಿತ್ತಾಳೆಯ ನಂಬರು. ನಾನು ಹುಡುಕುತ್ತಿದ್ದ ಜಾಗ ಎರಡು ಮಹಡಿ ಮೇಲಿತ್ತು. ಅರ್ಜೆಂಟಿದ್ದವನಿಗೆ ಅಷ್ಟು ಮೆಟ್ಟಿಲು ಇಟ್ಟವನ ಸಂತಾನ ಚೆನ್ನಾಗಿರಲಿ.

ಇಳಿದು ಬರುವಾಗ ಕೊನೆಯ ಮೆಟ್ಟಿಲಿನಲ್ಲಿ ನನ್ನ ಕಣ್ಣು ಒಂದು ಕುರ್ಚಿಯ ಬೆನ್ನಿನ ಮೇಲೆ ಬಿತ್ತು. ಹಸಿರು ಹೊದಿಕೆ, ಅಂಚಿಗೆ ಹಿತ್ತಾಳೆ ಮೊಳೆ, ಕೆಳಗಿನ ಮೂಲೆಯಲ್ಲಿ ಮೂರು ಮೊಳೆ ಒತ್ತೊತ್ತಾಗಿ, ಮೂರನೆಯದು ತುಸು ಓರೆ. ಹಾಗೆ ಹೊಡೆಯುವವನು ಈ ಊರಿನಲ್ಲಿ ನಾನೊಬ್ಬನೇ. ಪಕ್ಕದ್ದನ್ನು ನೋಡಿದೆ, ಅದೂ ನನ್ನದೇ. ಅದರಾಚೆಗಿನದೂ. ಹೋದ ಚಳಿಗಾಲ ಅಮ್ಮ ಹದಿನೆಂಟು ಕುರ್ಚಿಗಳ ಕೆಲಸ ಹಿಡಿದು ತಂದಿದ್ದಳು, ‘ಸ್ಟೇಷನ್ ಹತ್ತಿರದ ಒಂದು ಕ್ಯಾಂಟೀನಿನದು, ಪಾಪ ಒಳ್ಳೇ ಜನ’ ಅಂದಿದ್ದಳು. ತಿಂಗಳುಗಟ್ಟಲೆ ಕೂತು ಮುತುವರ್ಜಿಯಿಂದ ಮಾಡಿದ್ದೆ. ಕೂಸೇ, ಯಾವ ಕಡೆಯ ಅನ್ನ ತಿನ್ನುತ್ತೀಯ ಅಂತ ನಿನ್ನನ್ನು ಹೊರಗೆ ಹಾಕಿದೆನೋ, ಆ ಅನ್ನವನ್ನು ಇಡೀ ಚಳಿಗಾಲ ನಾನು ಎರಡೆರಡು ಸಲ ಬಡಿಸಿಕೊಂಡು ತಿಂದಿದ್ದೆ. ಕೈಕಂಬಿ ಹಿಡಿದುಕೊಂಡು ನಿಂತೆ. ಹಿಂದೆ ಇಳಿಯುತ್ತಿದ್ದವರು ‘ತಾತ, ದಾರಿ’ ಅಂದರು.

ದಾರಿ ಬಿಟ್ಟು ಕಂಬದ ಪಕ್ಕಕ್ಕೆ ಸರಿದಾಗ ಕಿಟಕಿಯ ಬಳಿ ಅಮ್ಮ ಕಂಡಳು. ನಲವತ್ತಾರನೇ ಮೇಜು. ಆ ಹೊತ್ತಿನಲ್ಲಿ ಅವಳು ಗುಂಡಿ, ದಾರ ಮಾರುವ ಅಂಗಡಿಯ ತನ್ನ ಗೆಳತಿಯ ಮನೆಯಲ್ಲಿ ಇರಬೇಕಿತ್ತು, ನಾಲ್ಕು ವರ್ಷದಿಂದ ಪ್ರತಿ ಗುರುವಾರ ಅಲ್ಲಿಗೇ ಹೋಗುವುದು. ನೀಲಿ ಸ್ವೆಟರು ಹಾಕಿ, ತಲೆ ಬಾಚಿಕೊಂಡು, ಸಾಸ್ ಬಾಟಲಿಗೆ ಫೋನು ಒರಗಿಸಿ ಇಟ್ಟಿದ್ದಳು. ನನ್ನ ತಲೆಗೆ ಏನೇನು ಬಂತು ಅಂತ ಬರೆಯಲಾರೆ, ನಾಚಿಕೆಯಾಗುತ್ತದೆ. ಅರವತ್ತೆಂಟು ವರ್ಷದ ಹೆಂಗಸಿನ ಮೇಲೆ ಸಂಶಯ. ಅಷ್ಟರಲ್ಲಿ ಅವಳು ಕೇಳದೆಯೇ ಒಂದು ತಟ್ಟೆ ಬಂತು, ಸೂಪು, ಸುಟ್ಟ ಬ್ರೆಡ್ಡು, ಕರಿದ ಆಲೂಗಡ್ಡೆ. ಅವಳು ಒಂದು ತುಂಡು ಎತ್ತಿ ಫೋನಿಗೆ ತೋರಿಸಿ ನಕ್ಕಳು. ಬಾಯಿ ಮುಚ್ಚಿಕೊಳ್ಳದೆ ನಕ್ಕಳು. ನಮ್ಮ ಮನೆಯಲ್ಲಿ ಆ ನಗು ಕೇಳಿ ಎಷ್ಟು ಕಾಲವಾಯಿತು ಅಂತ ನಾನು ಲೆಕ್ಕ ಹಾಕುತ್ತಿರುವಾಗಲೇ ಫೋನಿನಿಂದ ಇನ್ನೊಂದು ನಗು ಬಂತು. ಅದು ನಿನ್ನದು. ನಾನು ಕಂಬಕ್ಕೆ ಒರಗಿಕೊಂಡೆ.

ಅಲ್ಲಿ ಖಾಲಿ ಗ್ಲಾಸು ಆರಿಸುವ ಒಬ್ಬ ಹೆಂಗಸಿದ್ದಾಳೆ, ನಡುವಯಸ್ಸಿನವಳು, ಬಾಯಿ ಒಂದು ಗಳಿಗೆ ಸುಮ್ಮನಿರುವುದಿಲ್ಲ. ನನ್ನನ್ನು ಹಿಡಿದು ಕಂಬದ ಹಿಂದಿನ ಸ್ಟೂಲಿನಲ್ಲಿ ಕೂರಿಸಿ ನೀರು ಕೊಟ್ಟಳು. ಆ ಅಮ್ಮ ಯಾರು ಅಂತ ಕೇಳಿದೆ, ಗೊತ್ತಿಲ್ಲದವನ ಹಾಗೆ. ‘ಅಯ್ಯೋ, ಅವರು ನಮ್ಮ ಗುರುವಾರದಮ್ಮ. ಮಗಳು ನಮ್ಮದೇ ಇನ್ನೊಂದು ಪಬ್ಬಲ್ಲಿ ಮ್ಯಾನೇಜರು. ಅಮ್ಮ ಮೇಜಿನ ನಂಬರು ಹೇಳ್ತಾರೆ, ಮಗಳು ಅಲ್ಲಿಂದಲೇ ಫೋನಲ್ಲಿ ಆರ್ಡರ್ ಹಾಕ್ತಾಳೆ, ನಾವು ಇಲ್ಲಿ ತಂದಿಡ್ತೀವಿ. ಅವಳೂ ಅದೇ ಹೊತ್ತಿಗೆ ಬಿಡುವು ತಗೊಂಡು ಅದನ್ನೇ ತಿನ್ನೋದು. ಎಲ್ಲಾ ಕಡೆ ಅದೇ ತಟ್ಟೆ, ಅದೇ ಸೂಪು ನೋಡಿ. ಒಂದೇ ಮೇಜಲ್ಲಿ ಕೂತ ಹಾಗೇ’ ಅಂದಳು. ಮಗಳನ್ನು ಮನೆಗೇ ಕರೆಸಿಕೊಳ್ಳಬಹುದಲ್ಲ ಅಂದೆ. ‘ಮನೇಲಿ ಯಜಮಾನ್ರು ಇದ್ದಾರಲ್ಲ. ಕೆಟ್ಟವರಲ್ಲವಂತೆ. ಯಾವತ್ತೋ ಆಡಿದ ಒಂದು ಮಾತಿನ ಮೇಲೆ ಕೂತುಬಿಟ್ಟಿದ್ದಾರಂತೆ, ಈಗ ಏಳೋಕೆ ನಾಚಿಕೆಯಂತೆ. ಇಡೀ ಊರಲ್ಲಿ ಅವರು ಕಾಲಿಡದ ಜಾಗ ಇದೊಂದೇ ಅಂತ ಅಮ್ಮ ಇಲ್ಲಿಗೇ ಬರ್ತಾರೆ.’ ನೀರು ನೆತ್ತಿಗೇರಿ ಕೆಮ್ಮಿದೆ. ಅವಳು ಬೆನ್ನು ತಟ್ಟಿದಳು.

ಏಳಬೇಕು ಅಂದುಕೊಂಡೆ. ಆಗಲೇ ಕೌಂಟರಿನಲ್ಲಿ ಗಲಾಟೆ ಶುರುವಾಯಿತು. ಟೈ ಕಟ್ಟಿದ ಒಬ್ಬ ಮನುಷ್ಯ ಹೊಟ್ಟೆ ತುಂಬ ಕುಡಿದು, ಇನ್ನೊಂದು ಕೊಡು ಅಂತ ಕೌಂಟರ್ ಗುದ್ದುತ್ತಿದ್ದ. ಆ ಕಡೆ ನಿಂತಿದ್ದ ಹುಡುಗಿ ನಿನ್ನಷ್ಟೇ ಎತ್ತರ, ಕೂದಲನ್ನು ಪೆನ್ಸಿಲಿನಿಂದ ಸಿಕ್ಕಿಸಿಕೊಂಡಿದ್ದಳು. ‘ಇವತ್ತಿಗೆ ಸಾಕು ಅಣ್ಣಾ. ಈ ನೀರು ಕುಡಿ. ಯಾವ ರೈಲು ನಿಂದು?’ ಅಂದಳು. ಅವನು ಬಾಯಿಗೆ ಬಂದದ್ದನ್ನೆಲ್ಲ ಅಂದ. ಅವಳು ಮುಖ ಕೆಡಿಸಿಕೊಳ್ಳಲಿಲ್ಲ, ನೀರಿನ ಲೋಟವನ್ನು ಇನ್ನೊಂದಿಷ್ಟು ಮುಂದೆ ತಳ್ಳಿದಳು. ಆಮೇಲೆ ಈಚೆ ಬಂದು, ಅವನ ಬ್ಯಾಗು ತಾನೇ ಹಿಡಿದು, ಮನೆಯ ನಂಬರು ಕೇಳಿ ಫೋನು ಮಾಡಿ, ಇಂಥ ರೈಲಿಗೆ ಹತ್ತಿಸುತ್ತೇವೆ, ಇಳಿಸಿಕೊಳ್ಳಿ ಅಂತ ಅವನ ಹೆಂಡತಿಗೆ ಹೇಳಿದಳು. ನಮ್ಮಪ್ಪನಿಗೆ ಇನ್ನೊಂದು ಸುರಿದುಕೊಟ್ಟವರನ್ನು ಕಂಡಿದ್ದೇನೆ, ಎತ್ತಿ ಬೀದಿಗೆ ಹಾಕಿದವರನ್ನು ಕಂಡಿದ್ದೇನೆ. ಸಾಕು ಅಂದವರನ್ನು ಕಾಣಲಿಲ್ಲ. ‘ಗುರುವಾರದಮ್ಮನ ಮಗಳೇ ಇವಳಿಗೆ ಕೆಲಸ ಕಲಿಸಿದ್ದು, ಒಂದು ತಿಂಗಳು ಅಲ್ಲಿಗೆ ಕಳಿಸಿದ್ರು’ ಅಂದಳು ಗ್ಲಾಸಿನ ಹೆಂಗಸು. ನೀನು ಅಲ್ಲಿ ಏನು ಮಾಡುತ್ತೀಯ ಅಂತ ಒಂಬತ್ತು ವರ್ಷದಲ್ಲಿ ನಾನು ಒಂದು ಸಲವೂ ಕೇಳಿರಲಿಲ್ಲ. ನನ್ನಷ್ಟಕ್ಕೆ ಊಹಿಸಿಕೊಂಡು, ಊಹಿಸಿದ್ದಕ್ಕೆ ಸಿಟ್ಟು ಮಾಡಿಕೊಂಡು ಕೂತಿದ್ದೆ.

ಆ ಮಗಳ ಪಬ್ಬಿನ ವಿಳಾಸ ಕೊಡುತ್ತೀಯಾ ಅಂದೆ. ಯಾಕೆ ಅಂದಳು. ನಾನು ಕುರ್ಚಿಗೆ ಹೊದಿಕೆ ಹೊಲಿಯುವವನು, ಅವರಿಗೂ ಕೆಲಸ ಇರಬಹುದು ಅಂದೆ. ಅವಳು ಗ್ಲಾಸಿನಡಿ ಇಡುವ ರಟ್ಟಿನ ಮೇಲೆ ಬರೆದು, ಕೊಡುವ ಮುಂಚೆ ನನ್ನನ್ನೇ ನೋಡಿದಳು. ‘ಆ ಫೋನಲ್ಲಿ ಕಾಣೋ ಮುಖಕ್ಕೂ ನಿಮಗೂ ಹುಬ್ಬು ಒಂದೇ ಥರ ಇದೆ, ಯಜಮಾನ್ರೇ’ ಅಂದಳು. ನಾನು ಟೋಪಿ ಇನ್ನಷ್ಟು ಕೆಳಗೆಳೆದುಕೊಂಡೆ. ‘ನಾನೇನೂ ನೋಡಿಲ್ಲ ಬಿಡಿ. ಆ ಬಾಗಿಲಿಂದ ಹೋಗಿ, ಅಮ್ಮನಿಗೆ ಕಾಣಲ್ಲ’ ಅಂತ ಅಡುಗೆಮನೆಯ ಪಕ್ಕದ ದಾರಿ ತೋರಿಸಿದಳು.

ಪಾರ್ಸೆಲ್ ಹೊತ್ತುಕೊಂಡು ಮನೆಗೆ ಬಂದೆ. ಅಮ್ಮ ಎಂದಿನ ಹೊತ್ತಿಗೇ ಬಂದಳು. ಎಂದಿನ ಹಾಗೇ ಬಾಯಿಗೆ ಬಂತು, ನಿನ್ನ ಗೆಳತಿ ಹೇಗಿದ್ದಾಳೆ ಅಂತ. ‘ಚೆನ್ನಾಗಿದ್ದಾಳೆ, ಸ್ವಲ್ಪ ಸೊರಗಿದ್ದಾಳೆ, ಕೆಲಸ ಜಾಸ್ತಿಯಂತೆ’ ಅಂದಳು ಸ್ವೆಟರು ಮಡಿಸುತ್ತ. ಆಗ ನನಗೆ ಹೊಳೆದದ್ದು ನೋಡು, ಮಧ್ಯಾಹ್ನದ ಏಟು ಏನೂ ಅಲ್ಲ ಅನ್ನಿಸಿತು. ನಾಲ್ಕು ವರ್ಷದಿಂದ ಆ ಗೆಳತಿಗೆ ನೆಗಡಿಯಾಗಿತ್ತು, ಮನೆ ಬದಲಾಗಿತ್ತು, ಕೆಲಸದಲ್ಲಿ ಬಡ್ತಿ ಸಿಕ್ಕಿತ್ತು, ಬೆನ್ನುನೋವು ಬಂದಿತ್ತು. ಗುಂಡಿ ಅಂಗಡಿಯವಳಿಗೆ ಎಂಥ ಬಡ್ತಿ ಅಂತ ನಾನು ಒಮ್ಮೆಯೂ ಯೋಚಿಸಲಿಲ್ಲ. ಬೆನ್ನುನೋವು ಅಂದಾಗ ಪಾಪ ಅನ್ನಿಸಿ, ಉಳಿದ ವೆಲ್ವೆಟ್ಟಿನಲ್ಲಿ ಒಂದು ಒರಗುದಿಂಬು ಹೊಲಿದುಕೊಟ್ಟಿದ್ದೆ. ಅದು ಎಲ್ಲಿದೆ ಅನ್ನುವುದು ಈಗ ಗೊತ್ತಾಯಿತು. ನಿನ್ನ ಅಮ್ಮ ವಾರಕ್ಕೊಂದು ಸಲ ನಿನ್ನ ಕ್ಷೇಮಸಮಾಚಾರವನ್ನು ನನಗೆ ತಪ್ಪದೆ ಒಪ್ಪಿಸಿದ್ದಾಳೆ. ನಾನು ತಪ್ಪದೆ ಕೇಳಿದ್ದೇನೆ. ಒಂದೇ ಒಂದು ಗುರುವಾರವೂ ಕೇಳುವುದನ್ನು ಮರೆತಿಲ್ಲ ಕೂಸೇ, ಅಷ್ಟು ಮಾತ್ರ ನಿಜ.

ಊಟಕ್ಕೆ ಕೂತಾಗ ಎಲ್ಲಾ ಹೇಳಿಬಿಡೋಣ ಅನ್ನಿಸಿತು. ಆದರೆ ನನಗೆ ಗೊತ್ತಾಯಿತು ಅಂದರೆ ಅವಳು ಹೆದರಿ ಆ ಒಂದು ಗಂಟೆಯನ್ನೂ ಕಳೆದುಕೊಂಡಾಳು ಅಂತ ಭಯವಾಯಿತು. ಅವಳ ಆ ನಗುವಿನ ಮೇಲೆ ನಾನು ಇನ್ನೊಂದು ಬಾಗಿಲು ಹಾಕಲಾರೆ.

ಹಲ್ಲಿನ ಡಾಕ್ಟರರ ಫೋನು ಬಡಿದುಕೊಳ್ಳುತ್ತಿದೆ, ಅಮ್ಮನೂ ಎದ್ದ ಸದ್ದು. ಬೆನ್ನು ಜೋಪಾನ, ನಿಂತೇ ಕೆಲಸ ಮಾಡಬೇಡ. ಹೊತ್ತಿಗೆ ಸರಿಯಾಗಿ ಉಣ್ಣು. ನಿನ್ನ ಕೈಕೆಳಗಿನವರಿಗೆಲ್ಲ ಒಳ್ಳೆಯದಾಗಲಿ, ಆ ಪೆನ್ಸಿಲಿನ ಹುಡುಗಿಗೂ.

ಇಂತು,
ನಿನ್ನ ಅಪ್ಪ

ಮರೆತ ಮಾತು: ಲಕೋಟೆ ಅಂಟಿಸಿದವನು ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ. ಇಷ್ಟುದ್ದ ಬರೆದೂ ಬರೆಯಬೇಕಾದದ್ದನ್ನು ಬರೆಯಲಿಲ್ಲ. ಅವತ್ತು ಬಾಗಿಲಿನಲ್ಲಿ ನಾನು ಆಡಿದ್ದು ತಪ್ಪು. ಮನ್ನಿಸು. ಮುಂದಿನ ಗುರುವಾರ ನಲವತ್ತಾರನೇ ಮೇಜಿಗೆ ನಾನೂ ಬರಲೇ? ಬರಬಹುದು ಅನ್ನುವುದಾದರೆ ನೀನೇ ಅಮ್ಮನಿಗೆ ಹೇಳು, ಅವಳು ನನ್ನನ್ನು ಕರೆದುಕೊಂಡು ಹೋಗಲಿ. ಬೇಡ ಅನ್ನಿಸಿದರೆ ಏನೂ ಹೇಳಬೇಡ, ಈ ಕಾಗದ ಹರಿದುಹಾಕು. ಅಮ್ಮ ಮನೆಗೆ ಬರುತ್ತಾಳೆ, ಗೆಳತಿ ಹೇಗಿದ್ದಾಳೆ ಅಂತ ನಾನು ಕೇಳುತ್ತೇನೆ.