ಗೋಡೆಯ ಮೇಲೆ ಇಲ್ಲದ ಹೆಸರು

ಅಪ್ಪಾ,

ಇವತ್ತು ಬೆಳಿಗ್ಗೆ ಉಸಿಲಂಪಟ್ಟಿ ಬಸ್ ಸ್ಟ್ಯಾಂಡಿನಲ್ಲಿ ಅಣ್ಣನ ಹಲ್ಲು ಉದುರಿಸಿದೆ. ತೊಂಬತ್ತೆರಡು ವರ್ಷ ಬದುಕಿ ಒಂದು ಮಗುವಿನ ಮೇಲೂ ಕೈ ಎತ್ತದ ನಿನ್ನ ಸಾವಿಗೆ ಅಚ್ಚು ಹಾಕಿಸಿದ ಕಣ್ಣೀರಂಜಲಿ ಪೋಸ್ಟರಿಗೆ ಅವನ ರಕ್ತ ಸಿಡಿಯಿತು.

ನಿನ್ನ ಫೋಟೋದ ಕೆಳಗೆ ಮಕ್ಕಳು, ಸೊಸೆಯರು, ಮೊಮ್ಮಕ್ಕಳು, ಎಲ್ಲರ ಹೆಸರೂ ಇತ್ತು. ಬೇರೆ ಜಾತಿಯವನನ್ನು ಮದುವೆಯಾದ ನಿನ್ನ ಮಗಳು ಪೇಚಿಯದು ಮಾತ್ರ ಇರಲಿಲ್ಲ. ಇಪ್ಪತ್ತು ವರ್ಷ, ಪ್ರತಿ ಮಂಗಳವಾರ, ಸಂತೆಗೆಂದು ಸುಳ್ಳು ಹೇಳಿ ನೀನು ತಾಳೆಬೆಲ್ಲ ಹಿಡಿದು ಹೋಗುತ್ತಿದ್ದುದು ಅವಳ ಮನೆಗೇ.

ಬಸ್ಸಿಳಿದವಳು ಗೋಡೆಯ ಮುಂದೆ ನಿಂತು, ಬೆರಳಿಟ್ಟು ಒಂದೊಂದೇ ಹೆಸರು ಓದಿದಳು.

"ಏನು ಹುಡುಕ್ತೀಯ? ಓಡಿಹೋದವಳಿಗೆ ಇಲ್ಲೇನು ಕೆಲಸ?" ಅಂದ, ಪೋಸ್ಟರ್ ಅಂಟಿಸುತ್ತಿದ್ದ ಅಣ್ಣ.

ಗುದ್ದಿದೆ. ಅವನು ಅಂಟಿನ ಬಕೆಟ್ಟಿನಿಂದ ನನ್ನ ತಲೆಗೆ ಬಾರಿಸಿದ. ಕೆಡವಿಕೊಂಡು ಮತ್ತೆ ಗುದ್ದಿದೆ. ರಕ್ತ ಉಗಿದು ಅವನು ನಕ್ಕ.

"ಹೊಡಿಯೋ, ಹೊಡಿ! ಪ್ರೆಸ್ಸಲ್ಲಿ ಎಲ್ಲಾ ಹೆಸರೂ ಓದಿ, ಸರಿಯಾಗಿದೆ ಅಂತ ಸಹಿ ಹಾಕಿ ಬಂದಿದ್ದು ಯಾರಪ್ಪಾ? ನಾನಾ?"

ಎತ್ತಿದ ಮುಷ್ಟಿ ಹಾಗೇ ನಿಂತಿತು. ಪೇಚಿ ನನ್ನನ್ನು ನೋಡಿದಳು.

ನಿನ್ನ ಮುಖ ಕೊನೆಯ ಸಲ ನೋಡಲೆಂದು ಅಷ್ಟು ದೂರ ಬಂದವಳು, ಪೋಸ್ಟರಿನಲ್ಲಿದ್ದ ಮುಖದ ರಕ್ತವನ್ನು ಸೆರಗಿನಲ್ಲಿ ಒರೆಸಿ, ಬಂದ ಬಸ್ಸನ್ನೇ ಹತ್ತಿ ಹೊರಟುಹೋದಳು.