ಎಡಕ್ಕೆ ಏಳು, ಬಲಕ್ಕೆ ಏಳು

ಕೆಸ್ಲರ್, ನೆಬ್ರಾಸ್ಕ
ಬುಧವಾರ, 25 ಸೆಪ್ಟೆಂಬರ್ 1991

ಮಗನೇ ರಾಯ್ಸ್,

ಹೇಗಿದ್ದೀಯಾ? ನಾನು, ನಿನ್ನಮ್ಮ, ನಾಯಿ ಮೂವರೂ ಚೆನ್ನಾಗಿದ್ದೇವೆ. ಮೂವರಲ್ಲಿ ಹಲ್ಲು ಪೂರ್ತಿ ಇರುವುದು ನಾಯಿಗೆ ಮಾತ್ರ. ಕಾಗದ ತಡವಾಯಿತು, ಬೇಜಾರು ಮಾಡಿಕೊಳ್ಳಬೇಡ. ನಿನ್ನಮ್ಮ ಆಗಸ್ಟಿನಿಂದ ದಿನಾ ಬೆಳಗ್ಗೆ "ಬರೆದ್ಯಾ ಓರಿನ್?" ಅಂತ ಕೇಳುತ್ತಾಳೆ, ನಾನು "ಬರೀತಾ ಇದೀನಿ ಲೊರೆಟಾ" ಅನ್ನುತ್ತೇನೆ. ಪೆನ್ನು ಹುಡುಕುವುದಕ್ಕೇ ಎರಡು ವಾರ ಹೋಯಿತು. ಎಂಟನೇ ಕ್ಲಾಸಿಗೇ ಶಾಲೆಗೆ ಬೆನ್ನು ತೋರಿಸಿದವನು ನಾನು. ಕೈಗೆ ಪೆನ್ನು ಕೊಟ್ಟರೆ ಬೆರಳು ಸ್ಪ್ಯಾನರ್ ಎಲ್ಲಿ ಅಂತ ತಡಕಾಡುತ್ತದೆ.

ನಮ್ಮೂರ ಹೈಸ್ಕೂಲಿನ ಹೆಡ್‌ಮಾಸ್ಟರು ಮೊನ್ನೆ ಚರ್ಚಿನಲ್ಲಿ ಸಿಕ್ಕಿದ್ದರು. ಚೆಂಡು ಹೊತ್ತು ಓಡುವ ಹುಡುಗರಿಗೆ ಕಲಿಸಲು ನಿನ್ನನ್ನು ಕರೆದು ಒಂದು ತಿಂಗಳಾಯಿತಂತೆ. ಅಕ್ಟೋಬರ್ ಏಳರ ತನಕ ಕಾಯುತ್ತಾರಂತೆ, ಆಮೇಲೆ ಬೇರೆಯವರನ್ನು ನೋಡಿಕೊಳ್ಳುತ್ತಾರಂತೆ. ನೀನು ಫೋನಿನಲ್ಲಿ ಅಮ್ಮನಿಗೆ ಹೇಳಿದ್ದು ನನಗೆ ಗೊತ್ತು. "ತನ್ನ ಕಾಲನ್ನೇ ಕಾಯ್ಕೊಳ್ಳೋಕೆ ಬರ್ದೋನು ಊರ ಮಕ್ಕಳಿಗೆ ಏನು ಕಲಿಸ್ತಾನಮ್ಮಾ" ಅಂದೆಯಂತೆ. ಅವಳು ಆ ದಿನ ಸಿಂಕಿನ ಮುಂದೆ ನಿಂತು ತೊಳೆದ ತಟ್ಟೆಯನ್ನೇ ಮತ್ತೆ ಮತ್ತೆ ತೊಳೆದಳು.

ಅದರ ಬಗ್ಗೆ ನಾನು ಏನೂ ಹೇಳುವುದಿಲ್ಲ. ಕಾಲೇಜಿನ ಫುಟ್‌ಬಾಲ್ ತಂಡದ ಸುದ್ದಿ ಹೇಳುತ್ತೇನೆ, ಕೇಳು.

ಈ ಸಲ ಚೆಂಡು ಹೊತ್ತು ಓಡುವವರು ಮೂವರಿದ್ದಾರೆ. ಮೂರು ಪಂದ್ಯ ಆಯಿತು, ಯಾರು ಮೊದಲನೆಯವನು ಅಂತ ಊರಿನಲ್ಲಿ ಇನ್ನೂ ಜಗಳ. ಕ್ಷೌರದ ಅಂಗಡಿಯಲ್ಲಿ ಒಬ್ಬ ಅರ್ಧ ಗಡ್ಡ ಬಿಟ್ಟು ಎದ್ದು ಹೋದನಂತೆ. ಕೋಚ್ ಬ್ರಾಡಕ್ ಹತ್ತಿರ ಆಟದ ವಿಡಿಯೋ ಟೇಪುಗಳಿವೆ, ಯಾರು ಎಷ್ಟು ಗಜ ಓಡಿದ ಅನ್ನುವ ಪಟ್ಟಿಗಳಿವೆ. ನನ್ನ ಹತ್ತಿರ ಕೊಳೆ ಪ್ಯಾಂಟುಗಳಿವೆ. ಇಪ್ಪತ್ತೆರಡು ವರ್ಷ ಈ ತಂಡದ ಬಟ್ಟೆ ಒಗೆದಿದ್ದೇನೆ, ಪ್ಯಾಂಟು ಸುಳ್ಳು ಹೇಳುವುದಿಲ್ಲ.

ಮೊದಲನೆಯವನು ವೆಂಡೆಲ್, ಕೊನೇ ವರ್ಷದವನು, ಧಾನ್ಯದ ಉಗ್ರಾಣದ ಬಾಗಿಲಿನಂತಿದ್ದಾನೆ. ಅವನ ಪ್ಯಾಂಟಿನಲ್ಲಿ ಹುಲ್ಲಿನ ಕಲೆ ಮಂಡಿಯ ಮೇಲೆ, ಅಂಗಿಯಲ್ಲಿ ಎದೆಯ ಮೇಲೆ. ಹಿಂದುಗಡೆ ಹಾಲಿನಷ್ಟು ಬಿಳಿ. ಅಂದರೆ ಯಾರು ಹೊಡೆದರೂ ಮುಂದಕ್ಕೇ ಬೀಳುತ್ತಾನೆ. ಎರಡು ಗಜ ಜಾಗವಿದ್ದರೆ ನಾಲ್ಕು ಗಜ ತೆಗೆಯುತ್ತಾನೆ, ನಲವತ್ತು ಗಜ ಜಾಗವಿದ್ದರೂ ನಾಲ್ಕೇ ತೆಗೆಯುತ್ತಾನೆ.

ಎರಡನೆಯವನು ಕರ್ಟಿಸ್. ಗಾಳಿ. ಮೊದಲ ಪಂದ್ಯದಲ್ಲಿ ಎಪ್ಪತ್ತು ಗಜ ಒಂದೇ ಉಸಿರಿಗೆ ಓಡಿದ, ಅವತ್ತಿನಿಂದ ಊರಿನ ಹುಡುಗಿಯರೆಲ್ಲಾ ಅವನ ಕಡೆ. ಅವನ ಪ್ಯಾಂಟು ನೋಡಿ ನಿನ್ನಮ್ಮ, "ಇವನೇನು ಆಟಕ್ಕೆ ಹೋಗಿದ್ನೋ ಚರ್ಚಿಗೆ ಹೋಗಿದ್ನೋ?" ಅಂದಳು. ಬಲ ಸೊಂಟದ ಮೇಲೆ ಒಂದು ಗೆರೆ ಸುಣ್ಣ, ಅಷ್ಟೇ. ಯಾರಾದರೂ ಹೊಡೆಯಲು ಬಂದರೆ ಅಂಚಿನ ಸುಣ್ಣದ ಗೆರೆ ದಾಟಿ ಹೊರಗೆ ಜಾರುತ್ತಾನೆ. ಅದೂ ಹೋಗಲಿ, ಚೆಂಡಿನ ಚರ್ಮದ ಕಂದು ಬಣ್ಣ ಅಂಗಿಗೆ ಹತ್ತುತ್ತದಲ್ಲ, ವೆಂಡೆಲ್‌ಗೆ ಅದು ಕಂಕುಳ ಹತ್ತಿರ, ಮೇಲೆ. ಕರ್ಟಿಸ್‌ಗೆ ಹೊಟ್ಟೆಯ ಹತ್ತಿರ, ಕೆಳಗೆ, ಮಸಕುಮಸಕಾಗಿ. ಸಂತೆಯಿಂದ ಕುಂಬಳಕಾಯಿ ತರುವವನ ಹಾಗೆ ಹಿಡಿದುಕೊಳ್ಳುತ್ತಾನೆ ಅಂತ ಅವತ್ತೇ ಅಂದುಕೊಂಡೆ.

ಮೂರನೆಯವನು ಎಲ್ಲಿಸ್. ಮೊದಲನೇ ವರ್ಷ, ಗಿಡ್ಡ, ಅವನಿಗೆ ಸರಿಹೊಂದುವ ಪ್ಯಾಂಟೇ ಇರಲಿಲ್ಲ, ನಾನೇ ಮಡಿಸಿ ಹೊಲಿದು ಕೊಟ್ಟೆ. ಇವನ ಕಲೆಗಳಿಗೆ ಒಂದು ಊರಿಲ್ಲ, ಒಂದು ಬೀದಿಯಿಲ್ಲ. ಮೊಣಕೈ ಮೇಲೆ, ಕುಂಡೆ ಮೇಲೆ, ಹೆಲ್ಮೆಟ್ಟಿನ ಕಿವಿಯೊಳಗೂ ಹುಲ್ಲು! ಒಂದು ಹೆಜ್ಜೆಯಲ್ಲಿ ಎರಡು ಸಲ ತಿರುಗುತ್ತಾನೆ, ಎಲ್ಲಿ ಬೀಳುತ್ತಾನೆ ಅಂತ ಅವನಿಗೂ ಗೊತ್ತಿಲ್ಲ, ಹೊಡೆಯುವವನಿಗೂ ಗೊತ್ತಿಲ್ಲ. ಇಂಥ ಪ್ಯಾಂಟು ನಾನು ಇದಕ್ಕೆ ಮುಂಚೆ ಒಬ್ಬನದ್ದೇ ಒಗೆದದ್ದು. ಯಾರದ್ದು ಅಂತ ನಿನಗೆ ಹೇಳಬೇಕಾಗಿಲ್ಲ.

ಹೋದ ಗುರುವಾರ ಕೋಚ್ ಕೆಳಗೆ ನನ್ನ ಕೋಣೆಗೆ ಬಂದರು. ಕೋಪ ಬಂದರೆ ಮೇಲೆ ಕರೆಸುತ್ತಾರೆ. ದಿಕ್ಕು ತೋಚದಿದ್ದರೆ ತಾವೇ ಇಳಿದು ಬರುತ್ತಾರೆ.

"ಏನಯ್ಯಾ ಓರಿನ್, ನಿನ್ನ ಪ್ಯಾಂಟುಗಳು ಏನಂತಾವೆ?"

"ವೆಂಡೆಲ್ ಗೋಡೆ ಕೆಡವ್ತಾನೆ ಕೋಚ್. ಎಲ್ಲಿಸ್ ಗೋಡೆಗೆ ಬಾಗಿಲೆಲ್ಲಿದೆ ಅಂತ ನೋಡ್ತಾನೆ. ಕರ್ಟಿಸ್ ಊರನ್ನೇ ಸುತ್ತಾಕ್ಕೊಂಡು ಹೋಗ್ತಾನೆ, ದಾರೀಲಿ ಚೆಂಡು ಬೀಳಿಸ್ತಾನೆ."

"ಅವ್ನು ಇಲ್ಲೀತನಕ ಬೀಳಿಸೇ ಇಲ್ವಲ್ಲಯ್ಯ!"

"ಮಳೆ ಬರ್ಲಿ, ನೋಡೋರಂತೆ."

ಶುಕ್ರವಾರ ಮಳೆ ಬಂತು. ಕೆಲವೊಮ್ಮೆ ದೇವರು ನನ್ನಂಥ ಬಾಯಿಬಡುಕನ ಮಾತನ್ನೂ ಕೇಳಿಸಿಕೊಳ್ಳುತ್ತಾನೆ.

ಶನಿವಾರ ಬೆಳಗ್ಗೆ ಕೋಚ್ ಹುಕುಂ: ಕೆಸರಿನಲ್ಲಿ ಜಾರದ ಹಾಗೆ ಎಲ್ಲರ ಬೂಟಿನ ಅಡಿಗೂ ಉದ್ದ ಮುಳ್ಳು. ತೊಂಬತ್ತು ಜೊತೆ ಬೂಟು, ಒಂದೊಂದಕ್ಕೆ ಏಳು ಮುಳ್ಳು, ತಿರುಪಿ ತಿರುಪಿ ನನ್ನ ಮಣಿಕಟ್ಟು ಇನ್ನೂ ಇತ್ತ ಹೋಗಲು ಹೇಳಿದರೆ ಅತ್ತ ಹೋಗುತ್ತಿದೆ. ಆಮೇಲೆ ಮಧ್ಯಾಹ್ನದ ಹೊತ್ತಿಗೆ ಗಾಳಿ ಎದ್ದು ನೆಲ ಗಟ್ಟಿಯಾಯಿತು. ಆಟಕ್ಕೆ ಇಪ್ಪತ್ತು ನಿಮಿಷ ಇದೆ, ಕೋಣೆ ತುಂಬ ಹುಡುಗರು, ನಾನು ಪಾದ್ರಿ ಮತ್ತು ಹಂದಿಯ ಕಥೆ ಶುರು ಮಾಡಿದ್ದೆ. ಪಾದ್ರಿ ಹಂದಿಯನ್ನು ಕಾರಿನ ಮುಂದಿನ ಸೀಟಿನಲ್ಲಿ ಕೂರಿಸುವ ತನಕ ಬಂದಿದ್ದೆ. ಆಗ ಎಲ್ಲಿಸ್ ಬಂದು ಬೂಟು ಕಳಚಿದ.

"ತಾತಾ, ಕಾಲು ನೆಲ ಕಚ್ಕೊಳ್ತಾ ಇದೆ. ಚಿಕ್ಕ ಮುಳ್ಳು ಹಾಕ್ಕೊಡು."

ನನಗೆ ಐವತ್ತೊಂದು. ಇವರ ಬಾಯಲ್ಲಿ ಆಗಲೇ ತಾತ. ಇರಲಿ. ನಾನು ಕಥೆ ನಿಲ್ಲಿಸಿಬಿಟ್ಟೆ.

"ಏಯ್ ತಾತ, ಹಂದಿ ಏನಂತು?" ಅಂದ ವೆಂಡೆಲ್.

"ಹಂದಿ ನಿನ್ನನ್ನ ಹೊರಗೆ ಹೋಗು ಅಂತು. ಎಲ್ರೂ ನಡೀರಿ!"

"ತಾತಂಗೆ ಹುಷಾರಿಲ್ಲ ಕಣ್ರೋ, ಕಥೆ ಅರ್ಧಕ್ಕೆ ನಿಲ್ಲಿಸ್ದ! ಡಾಕ್ಟ್ರನ್ನ ಕರೀರೋ!"

ಅವರನ್ನೆಲ್ಲಾ ಟವೆಲಿನಿಂದ ಬಾರಿಸಿ ಹೊರಗಟ್ಟಿದೆ. ಎರಡೂ ಬೂಟಿನ ಮುಳ್ಳು ಬದಲಾಯಿಸಿ, ಜೋಡಿಯನ್ನು ಮೇಜಿನ ಮೇಲೆ ಮಗುಚಿಟ್ಟು, "ಎಣಿಸು" ಅಂದೆ. ಎಲ್ಲಿಸ್ ನಕ್ಕ. "ನಗ್ಬೇಡ, ಎಣಿಸೋ." ಎಡಕ್ಕೆ ಏಳು, ಬಲಕ್ಕೆ ಏಳು, ಎಲ್ಲಾ ಚಿಕ್ಕವು. ಅವನು ಬೆರಳಿಟ್ಟು ಎಣಿಸಿದ ಮೇಲೇ ಕೊಟ್ಟದ್ದು. ಆಮೇಲೆ ಕೋಚ್ ಹತ್ತಿರ ಹೋಗಿ ನಾನೇ ಹೇಳಿದೆ. ಅವರು ಬೈಯಲು ಬಾಯಿ ತೆರೆದು, ನನ್ನ ಮುಖ ನೋಡಿ, "ಸರಿ ಹೋಗಯ್ಯಾ" ಅಂದರು.

ಪಂದ್ಯದ ವಿಷಯ ಚಿಕ್ಕದಾಗಿ ಹೇಳುತ್ತೇನೆ. ಕರ್ಟಿಸ್ ಕುಂಬಳಕಾಯಿ ಬೀಳಿಸಿದ. ವೆಂಡೆಲ್ ಹಾರೆ ಹಾಕಿದ ಹಾಗೆ ನಾಲ್ಕು, ನಾಲ್ಕು, ನಾಲ್ಕು ಗಜ ಅಗೆದ. ಕೊನೆಯಲ್ಲಿ ನಾವು ಮೂರು ಪಾಯಿಂಟು ಹಿಂದೆ, ಎರಡು ನಿಮಿಷ ಉಳಿದಿದೆ. ಕೋಚ್ ಎಲ್ಲಿಸ್‌ನನ್ನು ಕಳಿಸಿದರು. ಅವನು ಚೆಂಡು ಹಿಡಿದು ಎಡಕ್ಕೆ ಹೋದ, ಬಲಗಾಲು ಊರಿದ, ಮೈ ತಿರುಗಿಸಿದ. ನಾನು ಕಣ್ಣು ಮುಚ್ಚಿಕೊಂಡೆ. ಜನ ಕಿರುಚಿದ್ದು ಕೇಳಿಸಿತು, ಯಾವ ಥರದ ಕಿರುಚಾಟ ಅಂತ ತಿಳಿಯಲಿಲ್ಲ. ಕಣ್ಣು ಬಿಟ್ಟರೆ ಅವನು ಇಪ್ಪತ್ಮೂರು ಗಜ ದೂರ, ಕೊನೆ ಗೆರೆಯ ಆಚೆ, ಎರಡೂ ಕಾಲಿನ ಮೇಲೆ ನಿಂತಿದ್ದ. ಆರು ಪಾಯಿಂಟು ಬಂತು, ಗೆದ್ದೆವು. ನಾನು ನೀರಿನ ಡ್ರಮ್ಮಿನ ಹಿಂದೆ ಹೋಗಿ ಮೂಗು ಒರೆಸಿಕೊಂಡೆ. ಶೀತ ಅಂತ ಎಲ್ಲರಿಗೂ ಹೇಳಿದ್ದೇನೆ.

ಈಗ ನಿನ್ನಿಂದ ಒಂದು ಉಪಕಾರ ಆಗಬೇಕು. ಎಲ್ಲಿಸ್ ತಿರುಗುವುದಕ್ಕೆ ಮೊದಲು ಆ ಕಡೆ ಭುಜ ಬಗ್ಗಿಸುತ್ತಾನೆ. ಎದುರಿಗೆ ಒಳ್ಳೆಯ ತಂಡ ಸಿಕ್ಕಿದರೆ ಎತ್ತ ತಿರುಗುತ್ತಾನೆ ಅಂತ ಮೊದಲೇ ಓದಿಬಿಡುತ್ತಾರೆ. ಇದನ್ನು ತಿದ್ದಲು ಇಲ್ಲಿ ಯಾರಿಗೂ ಬರುವುದಿಲ್ಲ. ಸೋಮವಾರ ಅವನು ನನ್ನ ಕೋಣೆಯ ಗೋಡೆಯ ಮೇಲಿನ ಫೋಟೋ ನೋಡುತ್ತಾ ನಿಂತಿದ್ದ.

"ಈ ಇಪ್ಪತ್ತೆಂಟನೇ ನಂಬರು ಯಾರು ತಾತ? ತಿರುಗ್ತಾ ಇದಾನೆ, ಭುಜ ಒಂಚೂರೂ ಬಗ್ಗಿಲ್ಲ ನೋಡು. ಹೆಂಗೆ ಮಾಡ್ತಾನೆ ಇದನ್ನ?"

"ಅವ್ನನ್ನೇ ಕೇಳ್ಬೇಕು."

"ಎಲ್ಲಿದಾನೆ?"

"ನಾರ್ತ್ ಪ್ಲಾಟ್‌ನಲ್ಲಿ, ರೈಲು ಡಬ್ಬಿ ಜೋಡಿಸ್ತಾ ಇದಾನೆ."

"ಯಾಕೆ?" ಅಂದ ಎಲ್ಲಿಸ್. ನನ್ನ ಹತ್ತಿರ ಎಲ್ಲದಕ್ಕೂ ಒಂದು ತಮಾಷೆ ಇರುತ್ತದೆ. ಅವತ್ತು ಅವನ ಕೈಗೆ ಟವೆಲಿನ ರಾಶಿ ಕೊಟ್ಟು ಮಡಿಸು ಅಂದೆ.

ಮೂವರಲ್ಲಿ ನೀನಾದರೆ ಯಾರನ್ನು ಮೊದಲು ಇಳಿಸುತ್ತೀಯಾ? ಬರೆದು ಕಳಿಸು. ಇಲ್ಲವೇ ಬಂದು ನೋಡು. ಈ ಶನಿವಾರ ಬಿಟ್ಟು ಮುಂದಿನ ಶನಿವಾರ, ಅಕ್ಟೋಬರ್ ಐದನೇ ತಾರೀಖು, ಇಲ್ಲೇ ಎರಡು ಗಂಟೆಗೆ ಆಟ. ಅಮ್ಮ ಮಾಂಸ, ಬೀನ್ಸ್ ಹಾಕಿ ಚಿಲಿ ಬೇಯಿಸಿ ದಾಲ್ಚಿನ್ನಿ ರೋಲು ಮಾಡುತ್ತಾಳೆ. ಚಳಿಗೆ ಮಂಡಿ ನೋಯುತ್ತಿದ್ದರೆ ಬಿಸಿ ಬಟ್ಟೆ ಕಟ್ಟಿಕೋ. ನಿನಗೆ ದೇವರು ಒಳ್ಳೆಯದು ಮಾಡಲಿ, ನಿನ್ನ ದಾರಿಯ ಸಿಗ್ನಲ್ಲುಗಳೆಲ್ಲಾ ಹಸಿರಾಗಿರಲಿ.

ನಿನ್ನ ಅಪ್ಪ,
ಓರಿನ್ ಹೆಸ್ಕೆಟ್

ಮರೆತಿದ್ದು: ಮರೆತದ್ದಲ್ಲ. ಈ ಕಾಗದ ತಡವಾದದ್ದು ಪೆನ್ನು ಸಿಗದೆ ಅಲ್ಲ. ಮೂರು ವರ್ಷದ ಹಿಂದೆ ಆ ದಿನ ನೀನೂ ಬೂಟು ತಂದುಕೊಟ್ಟು, "ಅಪ್ಪಾ, ನೆಲ ಗಟ್ಟಿಯಾಗಿದೆ, ಚಿಕ್ಕದು ಹಾಕು" ಅಂದಿದ್ದೆ. ನಾನು ಹಂದಿಯ ಕಥೆ ಹೇಳುತ್ತಾ ಎಡಗಾಲಿನ ಬೂಟಿಗೆ ಹಾಕಿದೆ. ಕಥೆಯ ಕೊನೆ ಬಂತು, ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು, ನೀನೂ ನಕ್ಕೆ. ಮುಗಿಯಿತು ಅಂದುಕೊಂಡು ಎರಡೂ ಬೂಟು ನಿನ್ನ ಕೈಗೆ ಕೊಟ್ಟೆ. ಮಾರನೇ ದಿನ ತೊಳೆಯಲು ಎತ್ತಿಕೊಂಡಾಗ ನೋಡಿದೆ: ಬಲಗಾಲಿನದ್ದರಲ್ಲಿ ಏಳೂ ಉದ್ದ ಮುಳ್ಳು. ನಿನ್ನ ಮೈ ತಿರುಗಿತ್ತು, ಆ ಕಾಲು ಮಾತ್ರ ನೆಲ ಕಚ್ಚಿಕೊಂಡು ನಿಂತಿತ್ತು. ತಿರುಗಬೇಡ ಅಂತ ಕೋಚ್ ಹೇಳಿದ್ದು ಕೇಳದೆ, ಮೆರೆಯಲು ಹೋಗಿ ಮಂಡಿ ಮುರಿದುಕೊಂಡ ಅಂತ ಊರೆಲ್ಲಾ ಅಂದಿತು. ನೀನೂ ಅದನ್ನೇ ನಂಬಿದೆ. ನಾನು ನಿನ್ನ ಆಸ್ಪತ್ರೆಯ ಮಂಚದ ಪಕ್ಕ ಕೂತು ತಮಾಷೆ ಮಾಡಿದೆ. ನೀನು ಸರಿಯಾಗೇ ತಿರುಗಿದ್ದೆ ಮಗಾ. ಕಾಲು ಕಾಯಬೇಕಾದವನು ನಾನು.

ಆ ಜೋಡಿಯನ್ನು ಸೋಪಿನ ಡಬ್ಬದ ಹಿಂದೆ ಬಚ್ಚಿಟ್ಟಿದ್ದೆ. ಒಂದು ಮುಳ್ಳನ್ನೂ ಮುಟ್ಟಿಲ್ಲ. ಈ ಕಾಗದದ ಜೊತೆಗೇ ಪಾರ್ಸೆಲ್ ಮಾಡಿದ್ದೇನೆ. ಎಣಿಸಿಕೋ. ನನ್ನನ್ನು ಬೈಯಬೇಕು ಅನ್ನಿಸಿದರೆ ಬೈ, ಆದರೆ ಫೋನಿನಲ್ಲಿ ಬೇಡ, ಬಂದು ಬೈ. ಹೆಡ್‌ಮಾಸ್ಟರಿಗೆ ಏನು ಹೇಳಬೇಕೋ ಅದನ್ನು ಮಾತ್ರ ಎಣಿಸಿದ ಮೇಲೆ ಹೇಳು.